ಜೀಪಿನ ಟ್ರಾನ್ಸ್‌ಫರ್ ಬಾಕ್ಸಿನ ಲಿವರು ಬಿಗಿಯುವುದೂ ಅದರ ಪರಿಹಾರವೂ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಕಾಫಿ, ಅಡಿಕೆ, ಮೆಣಸಿನ ತೋಟಗಳುಳ್ಳ ಜಮೀನುದಾರರ ಅಂಗಳದಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಜೀಪೊಂದು ನಿಂತಿರುವುದು ಸಾಮಾನ್ಯವಾದ ನೋಟವಾಗಿದೆ. ವರ್ಷದ ಬಹುಭಾಗದಲ್ಲಿ ಈ ಗಾಡಿಯು ಹಿಂದಿನ ಎರಡು ಚಕ್ರಗಳ ಬಲದಿಂದಲೇ ಪೇಟೆಗೂ ಸಂತೆಗೂ ಹೋಗಿ ಬರುತ್ತದೆ. ಗೇರಿನ ದಂಡದ ಪಕ್ಕದಲ್ಲಿರುವ ಚಿಕ್ಕ ಲಿವರುಗಳನ್ನು ಯಾರೂ ಮುಟ್ಟುವುದಿಲ್ಲ. ಮುಂಗಾರು ಹಿಡಿದ ಮೇಲೆ ಒಂದು ದಿನ, ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ತೋಟದ ಏರನ್ನು ಹತ್ತುವಾಗ ಚಕ್ರಗಳು ಕೆಸರಿನಲ್ಲಿ ಜಾರತೊಡಗುತ್ತವೆ. ಆಗ ಚಾಲಕನಿಗೆ ಲೋ ಲಿವರಿನ ನೆನಪಾಗುತ್ತದೆ. ಎಳೆದರೆ ಅದು ಅಲುಗದು. ಎರಡು ಕೈಗಳಿಂದ ಎಳೆಯುತ್ತಾನೆ, ಕಾಲಿನಿಂದ ಒದೆಯುತ್ತಾನೆ. ಕಡೆಗೆ ಲಿವರು ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಗಾಡಿಯು ಭಾರ ಸಮೇತ ಹಿಂದಕ್ಕೆ ಉರುಳತೊಡಗುತ್ತದೆ. ಲಿವರು ಬಿಗಿಯಾಗಿರುವುದು ಕೇವಲ ತೊಂದರೆಯ ವಿಷಯವಲ್ಲ, ಪ್ರಾಣಾಪಾಯದ ವಿಷಯ. ಆದಕಾರಣ ಅದರ ಕಾರಣಗಳನ್ನೂ ಪರಿಹಾರವನ್ನೂ ಗಾಡಿಯ ಯಜಮಾನರು ಚಾಲಕರಿಗೆ ಬಿಟ್ಟುಬಿಡದೆ ತಾವೇ ತಿಳಿದಿರುವುದು ಯುಕ್ತ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ತಯಾರಾದ ಜೀಪುಗಳಲ್ಲಿ ಈ ಪೆಟ್ಟಿಗೆಯಿದ್ದಿತು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪೆನಿಯವರು ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು. ಇಂಗ್ಲೆಂಡಿನ ರೋವರ್ ಕಂಪೆನಿಯವರು ಮುಖ್ಯವಾಗಿ ಒಕ್ಕಲುಗಾರರನ್ನೇ ಮನಸ್ಸಿನಲ್ಲಿಟ್ಟುಕೊಂಡು 1948ರಲ್ಲಿ ಹೊರತಂದ ಲ್ಯಾಂಡ್ ರೋವರ್ ಗಾಡಿಗೂ ಇದೇ ಬಗೆಯ ಪೆಟ್ಟಿಗೆಯನ್ನು ಅಳವಡಿಸಿದರು. ನಮ್ಮ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳು ಬಹುತರ ವಿಲ್ಲೀಸ್ ವಂಶದವೇ ಆದ ಪ್ರಯುಕ್ತ ಮುಂದಿನ ವಿವರಣೆಯು ಮುಖ್ಯವಾಗಿ ಅವುಗಳನ್ನು ಕುರಿತದ್ದಾಗಿದೆ.

ಗೇರ್‌ಬಾಕ್ಸಿನ ಹಿಂಭಾಗಕ್ಕೆ ಅಂಟಿಕೊಂಡಿರುವ ಎರಡನೆಯ ಹಲ್ಲುಚಕ್ರದ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಬಾಕ್ಸ್ ಎಂದು ಹೆಸರು. ಇದು ಎರಡು ಕೆಲಸಗಳನ್ನು ಮಾಡುತ್ತದೆ. ಹಿಂದಿನ ಆಕ್ಸಲ್ಲಿಗೆ ಹೋಗುವ ಬಲವನ್ನು ಬೇಕಾದಾಗ ಮುಂದಿನ ಆಕ್ಸಲ್ಲಿಗೂ ಹಂಚಿಕೊಡುವುದು ಒಂದು. ಚಕ್ರಗಳ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕಾಗಿ ಹೈ, ಲೋ ಎಂಬ ಎರಡು ಸ್ಥಾನಗಳುಂಟು. ಇವೆರಡರ ನಡುವೆ ನ್ಯೂಟ್ರಲ್ ಎಂಬ ಮೂರನೆಯದೊಂದು ಸ್ಥಾನವಿದ್ದು, ಅಪಾಯವೆಲ್ಲವೂ ಅಡಗಿರುವುದು ಅಲ್ಲಿಯೇ.

ಲೋ ಸ್ಥಾನದ ಪ್ರಯೋಜನವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಿ.ಜೆ.-3ಬಿ ಎಂಬ ಹಳೆಯ ಮಾದರಿಯ ಜೀಪಿನಲ್ಲಿ ಮೊದಲನೆಯ ಗೇರಿನ ಪ್ರಮಾಣ 2.8, ಆಕ್ಸಲ್ಲಿನ ಪ್ರಮಾಣ 5.38. ಇವೆರಡನ್ನು ಗುಣಿಸಿದರೆ ಸುಮಾರು 15 ಬರುತ್ತದೆ; ಎಂದರೆ ಹೈ ಸ್ಥಾನದಲ್ಲಿ ಎಂಜಿನ್ನು 15 ಸುತ್ತು ತಿರುಗಿದರೆ ಚಕ್ರವು 1 ಸುತ್ತು ತಿರುಗುವುದು. ಲೋ ಸ್ಥಾನದ ಪ್ರಮಾಣ 2.46 ಆದುದರಿಂದ, ಅದನ್ನು ಹಿಡಿಸಿದಾಗ ಚಕ್ರದ 1 ಸುತ್ತಿಗೆ ಎಂಜಿನ್ನು 37 ಸುತ್ತು ತಿರುಗಬೇಕು. ಎಂಜಿನ್ನು ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಹೈ ಸ್ಥಾನದಲ್ಲಿ ಗಾಡಿಯು ಗಂಟೆಗೆ ಹೆಚ್ಚುಕಡಮೆ 9 ಕಿಲೋಮೀಟರು ಹೋಗುತ್ತದೆ; ಲೋ ಸ್ಥಾನದಲ್ಲಿ ಮೂರೂವರೆ ಕಿಲೋಮೀಟರು, ಎಂದರೆ ಹೊರೆ ಹೊತ್ತ ಆಳಿನ ನಡಿಗೆಯಷ್ಟು. ವೇಗವು ಕಡಮೆಯಾದ ಪ್ರಮಾಣದಲ್ಲಿ ಎಳೆಯುವ ಶಕ್ತಿ ಹೆಚ್ಚುತ್ತದೆ. ಇದಕ್ಕಿಂತಲೂ ಬೆಲೆಯುಳ್ಳ ಗುಣವೊಂದು ಇಳಿಜಾರಿನಲ್ಲಿ ಕಾಣಬರುತ್ತದೆ. ಲೋ ಹಿಡಿಸಿ ಮೊದಲನೆಯ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುವುದರಿಂದ ಬ್ರೇಕನ್ನು ಒತ್ತುವ ಸಂದರ್ಭವೇ ಅಪರೂಪ. ನೆನೆದ ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ ಬ್ರೇಕು ಒತ್ತಿದರೆ ಚಕ್ರಗಳು ನಿಂತು ಗಾಡಿಯು ಜಾರುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾದುದಿಲ್ಲ.

ಇನ್ನು ನ್ಯೂಟ್ರಲ್ಲಿನ ವಿಷಯ. ಹೈ ಸ್ಥಾನದಿಂದ ಲೋ ಸ್ಥಾನಕ್ಕೆ ಹೋಗುವ ಲಿವರು ನ್ಯೂಟ್ರಲ್ಲನ್ನು ಹಾದೇ ಹೋಗಬೇಕು. ಲಿವರು ಅಲ್ಲಿ ನಿಂತರೆ ಎಂಜಿನ್ನಿಗೂ ಚಕ್ರಗಳಿಗೂ ಯಾವ ಸಂಬಂಧವೂ ಉಳಿಯುವುದಿಲ್ಲ. ಗೇರಿನ ದಂಡವು ಮೊದಲನೆಯ ಗೇರಿನಲ್ಲಿದ್ದರೂ ಅದರಿಂದ ಪ್ರಯೋಜನವಿಲ್ಲ. ಅನೇಕ ಚಾಲಕರು ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಗೇರು ಹಾಕಿ, ಎಂಜಿನ್ನು ಆರಿಸಿ, ನಿಶ್ಚಿಂತೆಯಿಂದ ಇಳಿದುಹೋಗುವುದುಂಟು. ಟ್ರಾನ್ಸ್‌ಫರ್ ಬಾಕ್ಸಿನ ಲಿವರು ಸರಿಯಾಗಿ ಕೂಡಿರದಿದ್ದರೆ ಗೇರು ಹಾಕಿದ್ದೂ ಹಾಕದಿದ್ದಂತೆಯೇ. ಗಾಡಿಯು ತಾನಾಗಿ ಉರುಳಬಹುದು. ಇಳಿಜಾರಿನ ನಡುವೆ, ಗಾಡಿ ಚಲಿಸುತ್ತಿರುವಾಗಲೇ ಲೋ ಹಿಡಿಸಲು ಯತ್ನಿಸುವುದು ಇನ್ನೂ ಕೆಟ್ಟದ್ದು. ಲಿವರು ಹೈ ಸ್ಥಾನವನ್ನು ಸುಲಭವಾಗಿ ಬಿಡುತ್ತದೆ, ಆದರೆ ವೇಗವಾಗಿ ತಿರುಗುತ್ತಿರುವ ಹಲ್ಲುಗಳು ಲೋ ಸ್ಥಾನದಲ್ಲಿ ಕೂಡಿಕೊಳ್ಳಲೊಲ್ಲವು. ಕಿರ್ರೆಂದು ಸದ್ದು ಮಾಡುತ್ತವೆಯೇ ಹೊರತು ಹಿಡಿಯುವುದಿಲ್ಲ. ಅಷ್ಟು ಹೊತ್ತಿಗೆ ಎಂಜಿನ್ನಿನ ಹಿಡಿತ ತಪ್ಪಿ, ಕಾಲಿನ ಬ್ರೇಕೊಂದೇ ದಿಕ್ಕಾಗುತ್ತದೆ. ಆದಕಾರಣ ಲೋ ಹಿಡಿಸತಕ್ಕದ್ದು ಇಳಿಜಾರಿನ ತಲೆಯಲ್ಲಿ, ಏರಿನ ಬುಡದಲ್ಲಿ, ಸಮನೆಲದ ಮೇಲೆ. ದಾರಿಯ ನಡುವೆ ಎಂದಿಗೂ ಕೂಡದು.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯುಂಟು. ಹಳೆಯ ಜೀಪುಗಳಲ್ಲಿಯೂ ಲ್ಯಾಂಡ್ ರೋವರಿನಲ್ಲಿಯೂ ಕೈಬ್ರೇಕಿನ ಡ್ರಮ್ಮು ಚಕ್ರಗಳಲ್ಲಿರದೆ ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ, ಬಲವು ಹೊರಬೀಳುವ ದಂಡದ ಮೇಲೆ ಇರುತ್ತದೆ. ಲಿವರು ನ್ಯೂಟ್ರಲ್ಲಿನಲ್ಲಿದ್ದರೂ ಇದು ಗಾಡಿಯನ್ನು ಹಿಡಿಯಬಲ್ಲುದು, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಪೆಟ್ಟಿಗೆಯ ಹಿಂದಣ ಸೀಲು ಸವೆದು ಎಣ್ಣೆ ಜಿನುಗತೊಡಗಿದರೆ, ಆ ಎಣ್ಣೆ ನೇರವಾಗಿ ಈ ಡ್ರಮ್ಮಿನೊಳಕ್ಕೆ ಇಳಿಯುತ್ತದೆ. ಹೀಗೆ ಒಂದೇ ದೋಷದಿಂದ ಪೆಟ್ಟಿಗೆಗೆ ಎಣ್ಣೆ ಕಡಮೆಯಾಗುತ್ತದೆ, ಕೈಬ್ರೇಕೂ ಜಾರುತ್ತದೆ. ಇದಲ್ಲದೆ ಹಿಂದಿನ ಒಂದು ಚಕ್ರವು ಕೆಸರಿನ ಮೇಲಿದ್ದರೆ, ಅಥವಾ ಟೈರು ಬದಲಾಯಿಸಲು ಅದನ್ನು ಜ್ಯಾಕಿನಿಂದ ಎತ್ತಿದ್ದರೆ, ದಂಡವನ್ನು ಹಿಡಿದಿದ್ದರೂ ಎರಡು ಚಕ್ರಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗಿ ಗಾಡಿಯು ಸರಿಯಬಹುದು. ಇಂತಹ ಗಾಡಿಯಲ್ಲಿ ಚಕ್ರಕ್ಕೆ ಕೊಡಲು ಮರದ ತುಂಡೊಂದು ಸದಾ ಇರತಕ್ಕದ್ದು.

ಲಿವರನ್ನು ಬದಲಾಯಿಸುವ ಕ್ರಮ ಹೀಗಿದೆ. ಗಾಡಿಯನ್ನು ಸಮನೆಲದಲ್ಲಿ ಪೂರ್ಣವಾಗಿ ನಿಲ್ಲಿಸಿ, ಕ್ಲಚ್ಚನ್ನು ತಳಮಟ್ಟಕ್ಕೆ ಒತ್ತಿ, ಗೇರಿನ ದಂಡವನ್ನು ನ್ಯೂಟ್ರಲ್ಲಿಗೆ ತರಬೇಕು. ಎರಡು ಲಿವರುಗಳಿರುವ ಜೀಪಿನಲ್ಲಿ ಮೊದಲು ಮುಂದಿನ ಆಕ್ಸಲ್ಲಿನ ಲಿವರನ್ನು ಕೂಡಿಸಿ, ತರುವಾಯ ಹೈ-ಲೋ ಲಿವರನ್ನು ನಿಧಾನವಾಗಿ, ತಡೆಯದೆ, ಕೊನೆಯವರೆಗೆ ಸರಿಸಬೇಕು. ಒಂದೇ ಲಿವರಿರುವ ಗಾಡಿಗಳಲ್ಲಿ ಈ ಅನುಕ್ರಮವು ಲಿವರಿನ ದಾರಿಯಲ್ಲಿಯೇ ಅಡಕವಾಗಿರುತ್ತದೆ. ಮುಂದಕ್ಕೆ ಯಾವುದು, ಹಿಂದಕ್ಕೆ ಯಾವುದು ಎಂಬುದನ್ನು ಚಾಲಕನ ಮುಂದಿರುವ ತಗಡಿನ ಮೇಲೆ ಬರೆದಿರುತ್ತಾರೆ. ಅದು ಕಿತ್ತುಹೋಗಿದ್ದರೆ ಲಿವರಿನ ಬಳಿ ಬಣ್ಣದಿಂದ ಬರೆಯಿಸಿಕೊಳ್ಳುವುದು ಒಳ್ಳೆಯದು.

ಕೆಲವು ವೇಳೆ ಲಿವರು ಹಗುರವಾಗಿ ಬಂದು ಕೊನೆಯಲ್ಲಿ ಏನೋ ಅಡ್ಡ ಬಂದಂತೆ ನಿಲ್ಲುತ್ತದೆ. ಇದು ರೋಗವಲ್ಲ. ಒಂದು ಚಕ್ರದ ಹಲ್ಲಿನ ತುದಿಯು ಇನ್ನೊಂದರ ಹಲ್ಲಿನ ತುದಿಗೆ ಎದುರಾಗಿ ನಿಂತಿದೆಯೆಂದು ಮಾತ್ರ ತಿಳಿಯತಕ್ಕದ್ದು. ಕಾಲಿನ ಬ್ರೇಕನ್ನು ಒತ್ತಿಕೊಂಡೇ ಗೇರಿನ ದಂಡವನ್ನು ಒಂದನೆಯದಕ್ಕೆ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಪುನಃ ಒತ್ತಿದರೆ ಒಳಗಿನ ಚಕ್ರವು ಸ್ವಲ್ಪ ತಿರುಗಿ ಹಲ್ಲಿಗೆ ಎಡೆ ಸಿಕ್ಕುತ್ತದೆ. ಆಗ ಲಿವರು ತಾನಾಗಿ ಕೂಡಿಕೊಳ್ಳುತ್ತದೆ. ಇಷ್ಟನ್ನು ತಿಳಿಯದೆ ಸುತ್ತಿಗೆ ಹಿಡಿದವರಿದ್ದಾರೆ.

ಲಿವರು ಬಿಗಿಯಾಗಿದೆಯೆಂಬ ದೂರು ಬಂದಾಗ, ಅದು ನಿಜವಾಗಿ ಬಿಗಿಯಾಗಿದೆಯೇ ಅಥವಾ ಗಾಡಿಯೇ ಬೇಡವೆನ್ನುತ್ತಿದೆಯೇ ಎಂಬುದನ್ನು ಮೊದಲು ನಿಶ್ಚಯಿಸಬೇಕು. ವಿಲ್ಲೀಸ್ ಮಾದರಿಯ ಪೆಟ್ಟಿಗೆಯೊಳಗೆ ಎರಡು ದಂಡಗಳ ನಡುವೆ ಒಂದು ಸಣ್ಣ ತಡೆಯನ್ನು ಇಟ್ಟಿರುತ್ತಾರೆ. ಮುಂದಿನ ಆಕ್ಸಲ್ಲು ಕೂಡದಿರುವಾಗ ಈ ತಡೆಯು ಲೋ ಹಿಡಿಸಗೊಡುವುದಿಲ್ಲ. ಲೋ ಸ್ಥಾನದಲ್ಲಿರುವಾಗ ಮುಂದಿನ ಆಕ್ಸಲ್ಲನ್ನು ಬಿಡಿಸಗೊಡುವುದೂ ಇಲ್ಲ. ಎರಡೂವರೆ ಪಾಲಿನಷ್ಟು ಹೆಚ್ಚಿದ ಬಲವೆಲ್ಲವೂ ಹಿಂದಿನ ಆಕ್ಸಲ್ಲೊಂದರ ಮೇಲೆಯೇ ಬಿದ್ದು ಅದು ಮುರಿಯದಿರಲೆಂಬುದು ಇದರ ಉದ್ದೇಶ. ಹೊಸ ಚಾಲಕನು ಈ ತಡೆಯನ್ನೇ ತುಕ್ಕೆಂದು ಭ್ರಮಿಸಿ ಬಲಪ್ರಯೋಗ ಮಾಡುವನು.

ಇದೇ ರೀತಿ ಮೋಸಗೊಳಿಸುವ ಇನ್ನೊಂದು ಕಾರಣವು ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರಗಳ ಬಲದಿಂದ ಓಡಿಸಿದಾಗ ಉಂಟಾಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಾದರೆ ಚಕ್ರವು ಕೊಂಚ ಜಾರಿ ಈ ವ್ಯತ್ಯಾಸವು ಸರಿಹೋಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಟೈರು ಜಾರದೆ, ಆ ವ್ಯತ್ಯಾಸವು ದಂಡಗಳಲ್ಲಿ ಹುರಿ ಹಾಕಿದ ಹಗ್ಗದಂತೆ ಸೇರಿಕೊಳ್ಳುತ್ತದೆ. ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಲಿವರು ಹೊರಬರಲೊಲ್ಲದು. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದ ಗಾಡಿಯಲ್ಲಿ ನೇರ ದಾರಿಯಲ್ಲಿಯೂ ಹೀಗಾಗುವುದು. ಇದಕ್ಕೆ ಎಣ್ಣೆಯೂ ಬೇಡ, ರಿಪೇರಿಯೂ ಬೇಡ. ಗಾಡಿಯನ್ನು ನೇರವಾಗಿ ಹತ್ತಾರು ಅಡಿ ಹಿಂದಕ್ಕೆ ನಡೆಸಿ ನಿಲ್ಲಿಸಿದರೆ ಹುರಿಯು ಬಿಚ್ಚಿಕೊಂಡು ಲಿವರು ಸಡಿಲವಾಗುತ್ತದೆ. ಗಟ್ಟಿ ರಸ್ತೆ ತಲಪುವುದಕ್ಕೆ ಮುಂಚೆಯೇ, ಮಣ್ಣಿನ ಮೇಲಿರುವಾಗಲೇ ಅದನ್ನು ಬಿಡಿಸುವ ಚಾಲಕನಿಗೆ ಈ ತೊಡಕೇ ಬರುವುದಿಲ್ಲ.

ಮೇಲ್ಕಂಡ ಎರಡೂ ಇಲ್ಲವೆಂದು ಖಚಿತವಾದರೆ ಉಳಿಯುವುದು ನಿಜವಾದ ಬಿಗಿತ. ಇದರ ಮೂಲವು ಬಹುಮಟ್ಟಿಗೆ ಪೆಟ್ಟಿಗೆಯ ಒಳಗಿರುವುದಿಲ್ಲ, ಹೊರಗಿರುತ್ತದೆ. ಲಿವರುಗಳು ಗಾಡಿಯ ತಳದ ಹಲಗೆಯ ಕೆಳಗೆ ಒಂದು ಅಡ್ಡ ಪಿನ್ನಿನ ಮೇಲೆ ಆಡುತ್ತವೆ. ಅವುಗಳ ಬುಡವು ಪೆಟ್ಟಿಗೆಯ ಮುಂಭಾಗದಿಂದ ಹೊರಚಾಚಿದ ಉಕ್ಕಿನ ದಂಡಗಳನ್ನು ಹಿಡಿದಿರುತ್ತದೆ. ಈ ಜಾಗವು ಹಳ್ಳ ದಾಟುವಾಗ ನೆನೆಯುತ್ತದೆ, ಕೆಸರಿನಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಆ ಕೆಸರು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಒಂದೇ ಸ್ಥಾನದಲ್ಲಿ ನಿಂತ ದಂಡದ ಹೊರತುದಿಗೆ ತುಕ್ಕು ಹಿಡಿದು, ಅದು ಪೆಟ್ಟಿಗೆಯ ತೂತಿನೊಳಕ್ಕೆ ಸರಿಯದಂತಾಗುತ್ತದೆ. ಕೆಲವು ಗಾಡಿಗಳಲ್ಲಿ ಎಂಜಿನ್ನಿನ ಕೆಳಗಿನ ರಬ್ಬರುಗಳು ಕುಸಿದುದರಿಂದ ಲಿವರು ತಳದ ಹಲಗೆಯ ಸೀಳಿಗೆ ತಾಗಿ ನಿಂತಿರುವುದೂ ಉಂಟು. ರಬ್ಬರಿನ ಗವುಸನ್ನು ಎತ್ತಿ ನೋಡಿದರೆ ಇದು ಕೂಡಲೇ ತಿಳಿಯುತ್ತದೆ. ಅದಕ್ಕೆ ಮೊದಲೇ ಪೆಟ್ಟಿಗೆ ಬಿಚ್ಚಿಸಿ ಹಣ ಕಳೆಯಬೇಕಾದುದಿಲ್ಲ.

ತುಕ್ಕು ಹಿಡಿದ ಲಿವರನ್ನು ಬಿಡಿಸುವ ಕೆಲಸಕ್ಕೆ ಬೇಕಾದುದು ತಾಳ್ಮೆಯೊಂದೇ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ನಾಲ್ಕು ಚಕ್ರಗಳಿಗೂ ಮರದ ತುಂಡುಗಳನ್ನು ಕೊಡಬೇಕು. ಲಿವರು ನ್ಯೂಟ್ರಲ್ಲಿಗೆ ಬರುವ ಸಂಭವವಿರುವುದರಿಂದ ಗಾಡಿಯ ಕೆಳಗೆ ಮಲಗುವ ಮನುಷ್ಯನ ಜೀವವು ಈ ತುಂಡುಗಳ ಮೇಲಿದೆಯೆಂಬುದನ್ನು ಮರೆಯಕೂಡದು. ತರುವಾಯ ಒಣಗಿದ ಕೆಸರನ್ನು ಕೆರೆದು, ತಂತಿಯ ಬ್ರಷ್ಷಿನಿಂದ ಪಿನ್ನನ್ನೂ ದಂಡಗಳ ತುದಿಗಳನ್ನೂ ಉಜ್ಜಬೇಕು. ನೀರಿನ ಪಂಪಿನಿಂದ ತೊಳೆದರೂ ಸರಿಯೇ, ಆದರೆ ಪೂರ್ಣವಾಗಿ ಒಣಗುವವರೆಗೆ ಎಣ್ಣೆ ಹಾಕಬಾರದು. ಅಂಗಡಿಯಲ್ಲಿ ದೊರೆಯುವ ತುಕ್ಕು ಬಿಡಿಸುವ ಎಣ್ಣೆಯನ್ನು, ಅದಿಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ, ಪಿನ್ನಿನ ಎರಡು ಕಡೆಗೂ ದಂಡಗಳು ಪೆಟ್ಟಿಗೆಯನ್ನು ಹೊಗುವ ಜಾಗಕ್ಕೂ ಹನಿಹನಿಯಾಗಿ ಬಿಟ್ಟು, ಒಂದು ರಾತ್ರಿ ಹಾಗೆಯೇ ಬಿಡಬೇಕು. ಕೈಬ್ರೇಕಿನ ಡ್ರಮ್ಮಿಗೆ ಒಂದು ಹನಿಯೂ ಬೀಳದಂತೆ ಗೋಣಿಯ ತುಂಡನ್ನು ಹೊದಿಸುವುದು ಅಗತ್ಯ.

ಮಾರನೆಯ ದಿನ ಕ್ಲಚ್ಚನ್ನು ಒಬ್ಬನು ಒತ್ತಿ ಹಿಡಿದಿರಲು, ಇನ್ನೊಬ್ಬನು ಲಿವರನ್ನು ಅದು ಹೋಗುವಷ್ಟೇ ದೂರ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಮೊದಲು ಒಂದು ಗೋಧಿ ಕಾಳಿನಷ್ಟು ಆಡಬಹುದು. ಪುನಃ ಎಣ್ಣೆ, ಪುನಃ ಆಡಿಸುವುದು. ಇದು ಎರಡು ಮೂರು ದಿನ ಹಿಡಿದರೂ ಆಶ್ಚರ್ಯವಿಲ್ಲ. ಲಿವರಿಗೆ ಉದ್ದವಾದ ಪೈಪನ್ನು ತೊಡಿಸಿ ಮೀಟುವ ಪದ್ಧತಿಯೊಂದಿದೆ. ಅದನ್ನು ಖಂಡಿತವಾಗಿ ನಿಷೇಧಿಸಬೇಕು. ಲಿವರಿನ ಬಲವು ಕೊನೆಗೆ ಹೋಗಿ ಮುಟ್ಟುವುದು ಪೆಟ್ಟಿಗೆಯೊಳಗಿನ ಕವಲಿಗೆ. ಆ ಕವಲು ಬಾಗಿದರೆ ಅಥವಾ ದಂಡಕ್ಕೆ ಅದನ್ನು ಬಿಗಿದಿರುವ ಮೊಳೆಯು ಸಡಿಲವಾದರೆ, ಲಿವರು ಲೋ ಸ್ಥಾನದಲ್ಲಿರುವಂತೆ ಕಂಡರೂ ಹಲ್ಲುಗಳು ಅರ್ಧ ಮಾತ್ರ ಕೂಡಿರುತ್ತವೆ. ಭಾರ ಬಿದ್ದೊಡನೆ ಲಿವರು ಹಾರಿ ನ್ಯೂಟ್ರಲ್ಲಿಗೆ ಬೀಳುತ್ತದೆ. ಬೆಂಕಿಯ ದೀಪದಿಂದ ಕಾಯಿಸುವುದೂ ಬೇಡ, ಸೀಲುಗಳು ಸುಟ್ಟುಹೋಗುತ್ತವೆ. ಲಿವರು ಸಡಿಲವಾದ ಮೇಲೆ ದಂಡಗಳ ಹೊರತುದಿಯನ್ನು ನಯವಾದ ಎಮರಿ ಕಾಗದದಿಂದ ಒರಸಿ, ಪುಡಿಯು ಸೀಲಿನೊಳಕ್ಕೆ ಹೋಗದಂತೆ ಬಟ್ಟೆಯಿಂದ ತೆಗೆದು, ಗ್ರೀಸು ಬಳಿಯಬೇಕು. ಪಿನ್ನಿಗೆ ಗ್ರೀಸಿನ ನಿಪ್ಪಲ್ಲು ಇದ್ದರೆ ಹಳೆಯ ಗ್ರೀಸು ಹೊರಬರುವವರೆಗೆ ಒತ್ತಬೇಕು.

ಹೊರಗೆ ಎಲ್ಲವೂ ಸಡಿಲವಾಗಿದ್ದೂ ಲಿವರು ಬಿಗಿಯಾಗಿಯೇ ಇದ್ದರೆ ಪೆಟ್ಟಿಗೆಯ ಎಣ್ಣೆಯನ್ನು ನೋಡಬೇಕು. ಹಳ್ಳದ ನೀರು ಒಳಹೊಕ್ಕಿದ್ದರೆ ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅಂತಹುದನ್ನು ಒಂದು ದಿನವೂ ಇಟ್ಟುಕೊಳ್ಳದೆ ಬದಲಾಯಿಸಬೇಕು. ಬೆಳಗಿನ ಚಳಿಯಲ್ಲಿ ಬಿಗಿಯಾಗಿದ್ದು ನಾಲ್ಕು ಮೈಲಿ ಓಡಿದ ಮೇಲೆ ಸಡಿಲವಾಗುವುದಾದರೆ, ತಯಾರಕರು ಹೇಳಿದುದಕ್ಕಿಂತ ದಪ್ಪನಾದ ಎಣ್ಣೆಯನ್ನು ಯಾರೋ ತುಂಬಿದ್ದಾರೆಂದು ಊಹಿಸಬಹುದು. ಎಣ್ಣೆಯೊಡನೆ ಲೋಹದ ಚೂರುಗಳು ಬಂದರೆ, ಅಥವಾ ಲಿವರು ಆಡಿಯೂ ಚಕ್ರ ಹಿಡಿಯದಿದ್ದರೆ, ಆ ಕೆಲಸವು ಮನೆಯಲ್ಲಿ ಆಗತಕ್ಕದ್ದಲ್ಲ; ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕನ ವಶಕ್ಕೆ ಕೊಡಬೇಕು.

ಇಷ್ಟೆಲ್ಲ ತೊಂದರೆಗೂ ಮೂಲವು ಲಿವರನ್ನು ಬಳಸದೆ ಬಿಡುವುದೇ ಆಗಿದೆ. ಮಡಿಕೇರಿಯ ಸಮೀಪದ ಮಾಂದಲಪಟ್ಟಿಯಂತಹ ಗುಡ್ಡಕ್ಕೆ ದಿನವೂ ಜನರನ್ನು ಒಯ್ಯುವ ಗಾಡಿಯ ಲಿವರಿಗೆ ತುಕ್ಕು ಹಿಡಿಯಲು ಎಡೆ ಕಡಮೆ. ವರ್ಷಕ್ಕೆ ನಾಲ್ಕು ಸಲ ಮಾತ್ರ ಲೋ ಬೇಕಾಗುವ ತೋಟದ ಜೀಪೇ ಕಷ್ಟಕ್ಕೆ ಸಿಕ್ಕುವುದು. ತಿಂಗಳಿಗೊಮ್ಮೆ, ಕೂಲಿಯ ಬಟವಾಡೆಯ ದಿನವೆಂದೋ ಅಮಾವಾಸ್ಯೆಯೆಂದೋ ಗೊತ್ತುಮಾಡಿಕೊಂಡು, ಮಣ್ಣಿನ ಅಂಗಳದಲ್ಲಿ ಲೋ ಹಿಡಿಸಿ ನೂರು ಗಜ ಮುಂದಕ್ಕೂ ಸ್ವಲ್ಪ ಹಿಂದಕ್ಕೂ ನಡೆಸಿ, ಪುನಃ ಹೈ ಸ್ಥಾನಕ್ಕೆ ತಂದರೆ ಸಾಕು. ಹತ್ತು ನಿಮಿಷದ ಕೆಲಸ. ಕಾಫಿಯ ಕೊಯ್ಲು ಮುಗಿದು ಮಳೆ ಹಿಡಿಯುವುದಕ್ಕೆ ಮುಂಚೆ, ಏಪ್ರಿಲ್-ಮೇ ತಿಂಗಳುಗಳಲ್ಲಿ, ಮೇಲೆ ಹೇಳಿದ ಪಿನ್ನು ಮತ್ತು ದಂಡಗಳನ್ನು ಒಮ್ಮೆ ಶುಚಿಮಾಡಿ ಗ್ರೀಸು ಹಾಕಿಸುವುದು. ಮಳೆಗಾಲ ಕಳೆದ ಮೇಲೆ ಎಣ್ಣೆಯ ಬಣ್ಣವನ್ನು ನೋಡುವುದು.

ಟ್ರ್ಯಾಕ್ಟರುಗಳಲ್ಲಿಯೂ ಹೈ-ಲೋ ಲಿವರಿದೆ. ಅದು ಬೇರೆ ಪೆಟ್ಟಿಗೆಯಲ್ಲಿರದೆ ಗೇರ್‌ಬಾಕ್ಸಿನಲ್ಲಿಯೇ ಸೇರಿರುತ್ತದೆ. ನಿಲ್ಲಿಸಿಯೇ ಬದಲಾಯಿಸುವ ನಿಯಮವೂ, ನಡುವೆ ನಿಂತರೆ ಉರುಳುವ ಅಪಾಯವೂ ಅಲ್ಲಿಯೂ ಇವೆ; ಹಿಂದೆ ತುಂಬಿದ ಟ್ರೈಲರು ಇರುವಾಗ ಅಪಾಯವು ಇಮ್ಮಡಿ. ಈಚಿನ ಕೆಲವು ಗಾಡಿಗಳಲ್ಲಿ ಲಿವರಿಗೆ ಬದಲಾಗಿ ಒಂದು ಗುಂಡಿಯನ್ನು ತಿರುಗಿಸಿದರೆ ವಿದ್ಯುತ್ ಮೋಟಾರೇ ಈ ಕೆಲಸವನ್ನು ಮಾಡುತ್ತದೆ. ಅಲ್ಲಿ ಬಿಗಿತವು ಕೈಗೆ ತಿಳಿಯದು, ದೀಪವು ಮಿನುಗುತ್ತಿದ್ದು ಲೋ ಮಾತ್ರ ಹಿಡಿಯದು. ಅವುಗಳನ್ನೂ ತಿಂಗಳಿಗೊಮ್ಮೆ ಆಡಿಸುವುದು ಉಚಿತ.

ಹಳೆಯ ಜೀಪನ್ನು ಕೊಳ್ಳಹೋಗುವ ಜಮೀನುದಾರರು ಬಣ್ಣವನ್ನೂ ಟೈರನ್ನೂ ನೋಡಿದಷ್ಟು ಈ ಲಿವರನ್ನು ನೋಡುವುದಿಲ್ಲ. ಮಾರುವವನ ಅಂಗಳದಲ್ಲಿಯೇ ತಾವೇ ಕುಳಿತು ಲೋ ಹಿಡಿಸಿ, ಒಂದು ಏರನ್ನು ಹತ್ತಿಸಿ, ಅದೇ ಗೇರಿನಲ್ಲಿ ಕೆಳಗಿಳಿಸಬೇಕು. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಲಿವರು ಹಾರಿ ಹೊರಬಿದ್ದರೆ ಒಳಗಿನ ಹಲ್ಲುಗಳೋ ಕವಲೋ ಸವೆದಿವೆಯೆಂದು ತಿಳಿಯಬೇಕು. ಬಳಿಕ ಗಾಡಿಯ ಕೆಳಗೆ ಬಾಗಿ ಕೈಬ್ರೇಕಿನ ಡ್ರಮ್ಮನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಬೆರಳಿಗೆ ಎಣ್ಣೆ ಹತ್ತಿದರೆ ಹೊಸ ಸೀಲಿನ ಮತ್ತು ಬ್ರೇಕಿನ ಲೈನಿಂಗಿನ ಖರ್ಚನ್ನು ಕ್ರಯದಲ್ಲಿ ಕಳೆದು ಮಾತನಾಡತಕ್ಕದ್ದು.